ಕಡಲ್ಗಳ್ಳರ ನಿಜವಾದ ನಿಧಿ

ಕಡಲ್ಗಳ್ಳರ ಕಥೆಗಳಿಗೆ ಮನಸೋಲದವರು ವಿರಳ. ಕಪ್ಪು ಬಾವುಟ ಹಾರಿಸಿದ ಹಡಗು, ಒಂಟಿಗಾಲಿನ ನಾವಿಕ, ಮರಳಿನಡಿಯಲ್ಲಿ ಹೂತಿಟ್ಟ ಹೊನ್ನಿನ ಪೆಟ್ಟಿಗೆ, ಅದರ ದಾರಿಯನ್ನು ತೋರುವ ಹಳೆಯ ನಕ್ಷೆ - ಇವು ಅನೇಕ ದೇಶಗಳ ಬಾಲಕ ಬಾಲಕಿಯರ ಕಲ್ಪನೆಯಲ್ಲಿ ಮನೆಮಾಡಿಕೊಂಡಿವೆ. ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ 1883ರಲ್ಲಿ ಪುಸ್ತಕರೂಪದಲ್ಲಿ ಹೊರಬಂದ ಮೇಲಂತೂ ಕಡಲ್ಗಳ್ಳನೆಂದರೆ ಹೂತಿಟ್ಟ ನಿಧಿ ಎಂಬ ಭಾವನೆ ಜನಮನದಲ್ಲಿ ಬೇರೂರಿತು. ಈ ಕಥೆಗಳ ಆಕರ್ಷಣೆಗೆ ಒಳಗಾದವರು ಇಂದಿಗೂ ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳ ನಡುವೆ ಹರಡಿರುವ ಕೆರಿಬಿಯನ್ ಸಮುದ್ರದ ದ್ವೀಪಗಳಿಗೆ ಪ್ರಯಾಣ ಮಾಡುತ್ತಾರೆ. ಹಾಳುಬಿದ್ದ ಕೋಟೆಗಳ ನಡುವೆ ಅಲೆಯುತ್ತಾರೆ. ಹಳೆಯ ಬಂದರುಗಳ ನೀರಿಗೆ ಇಣುಕಿ ನೋಡುತ್ತಾರೆ. ಅವರ ಕುತೂಹಲ ಮೆಚ್ಚತಕ್ಕದ್ದೇ. ಆದರೆ ಅವರು ಹುಡುಕಬೇಕಾದುದೇನು, ಕಂಡದ್ದನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುವುದು ಅಗತ್ಯ.

ಮೊದಲು ಹೂತಿಟ್ಟ ಹೊನ್ನಿನ ಮಾತು. ಕಡಲ್ಗಳ್ಳರು ಲೂಟಿಯನ್ನು ಪಾಲು ಹಂಚಿಕೊಳ್ಳುತ್ತಿದ್ದರು. ಕೈಗೆ ಬಂದ ಪಾಲನ್ನು ಬಂದರಿನ ಸೇಂದಿಯಂಗಡಿಗಳಲ್ಲಿಯೂ ಜೂಜಿನ ಕಟ್ಟೆಗಳಲ್ಲಿಯೂ ಬಹುಬೇಗ ಕರಗಿಸುತ್ತಿದ್ದರು. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ನಮ್ಮ ಗಾದೆ ಇವರ ಬಾಳಿಗೆ ಚೆನ್ನಾಗಿ ಒಪ್ಪುತ್ತದೆ. ವಿಲಿಯಂ ಕಿಡ್ ಎಂಬಾತ 1699ರಲ್ಲಿ ನ್ಯೂಯಾರ್ಕಿನ ಸಮೀಪದ ಗಾರ್ಡಿನರ್ ದ್ವೀಪದಲ್ಲಿ ಒಂದಿಷ್ಟು ಸಂಪತ್ತನ್ನು ಹೂತಿಟ್ಟದ್ದು ನಿಜ. ಆದರೆ ಅಧಿಕಾರಿಗಳು ಅದನ್ನು ಬೇಗನೆ ತೆಗೆಸಿ ಅವನ ವಿಚಾರಣೆಗೆ ಸಾಕ್ಷ್ಯವಾಗಿ ಕಳುಹಿಸಿದರು. ಆ ಒಂದು ಘಟನೆಯನ್ನು ಕಥೆಗಾರರು ನೂರಾಗಿ ಬೆಳೆಸಿದರು. ಹೀಗಿರುವಾಗ, ಹೊನ್ನಿನಾಸೆಯಿಂದ ದಡಗಳನ್ನು ಅಗೆಯುವವನ ಶ್ರಮ ಬಹುಮಟ್ಟಿಗೆ ವ್ಯರ್ಥವೇ ಸರಿ. ಕೆರಿಬಿಯನ್ ಕಡಲು ತನ್ನ ಒಡಲಲ್ಲಿ ಇಟ್ಟುಕೊಂಡಿರುವ ನಿಧಿ ಬೇರೆಯ ಬಗೆಯದು. ಅದನ್ನು ಅರಿಯಬೇಕಾದರೆ ಪೋರ್ಟ್ ರಾಯಲ್ ಎಂಬ ಊರಿನ ಕಥೆಯನ್ನು ಕೇಳಬೇಕು.

ಜಮೈಕ ದ್ವೀಪವನ್ನು ಇಂಗ್ಲಿಷರು 1655ರಲ್ಲಿ ಸ್ಪೇನಿನವರಿಂದ ಕಸಿದುಕೊಂಡರು. ಅದರ ದಕ್ಷಿಣ ತೀರದಲ್ಲಿ ಸಮುದ್ರಕ್ಕೆ ಚಾಚಿಕೊಂಡ ಮರಳಿನ ನಾಲಗೆಯೊಂದರ ತುದಿಯಲ್ಲಿ ಪೋರ್ಟ್ ರಾಯಲ್ ಬೆಳೆಯಿತು. ಸ್ಪೇನಿನ ಹಡಗುಗಳನ್ನು ದೋಚುವವರಿಗೆ ಅಲ್ಲಿ ಆಶ್ರಯವಿತ್ತು. ಪನಾಮಾ ನಗರವನ್ನು 1671ರಲ್ಲಿ ಸೂರೆಗೊಂಡ ಹೆನ್ರಿ ಮಾರ್ಗನ್ನನು ಇಂಗ್ಲೆಂಡಿನ ಅರಸನಿಂದ ‘ಸರ್’ ಪದವಿಯನ್ನು ಪಡೆದು, ಜಮೈಕದ ಉಪರಾಜ್ಯಪಾಲನೂ ಆದನು. ಲೂಟಿಕಾರನು ಯಾವಾಗ ಅಪರಾಧಿ, ಯಾವಾಗ ಅಧಿಕಾರಿ ಎಂಬುದನ್ನು ಅಂದಿನ ರಾಜಕೀಯವೇ ತೀರ್ಮಾನಿಸುತ್ತಿತ್ತು. ಊರಿನಲ್ಲಿ ಇಟ್ಟಿಗೆಯ ದೊಡ್ಡ ದೊಡ್ಡ ಮನೆಗಳೆದ್ದವು. ಜನಸಂಖ್ಯೆ 6,500ರ ಸಮೀಪಕ್ಕೆ ಏರಿತು. ಆದರೆ ಆ ವೈಭವದ ತಳಹದಿ ಮರಳು. 1692ರ ಜೂನ್ 7ರಂದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಭೂಮಿ ನಡುಗಿತು. ನೀರು ತುಂಬಿದ ಮರಳು ಕದಡಿ ದ್ರವದಂತಾಯಿತು. ಕಟ್ಟಡಗಳು ನಿಂತ ನಿಲುವಿನಲ್ಲೇ ಕುಸಿದವು. ಕೆಲವೇ ನಿಮಿಷಗಳಲ್ಲಿ ಊರಿನ ಸುಮಾರು ಮೂರರಲ್ಲಿ ಎರಡು ಪಾಲು ಕಡಲ ಪಾಲಾಯಿತು. ಅಂದೇ ಸುಮಾರು 2,000 ಮಂದಿ ಸತ್ತರು. ಗಾಯಗಳಿಂದಲೂ ರೋಗರುಜಿನಗಳಿಂದಲೂ ಅನಂತರ ಸತ್ತವರು ಅದಕ್ಕಿಂತಲೂ ಹೆಚ್ಚು. ಲೂಯಿಸ್ ಗಾಲ್ಡಿ ಎಂಬ ವರ್ತಕನನ್ನು ಭೂಮಿ ನುಂಗಿ ಮತ್ತೊಂದು ಕಂಪನದಲ್ಲಿ ಸಮುದ್ರಕ್ಕೆ ಉಗುಳಿತೆಂದೂ, ಅವನು ಈಜಿ ಬದುಕಿಕೊಂಡನೆಂದೂ ಅವನ ಸಮಾಧಿಯ ಕಲ್ಲು ಸಾರುತ್ತದೆ. ಅವನು ತೀರಿಕೊಂಡದ್ದು 1739ರಲ್ಲಿ.

ಸಾಮಾನ್ಯವಾಗಿ ಊರುಗಳು ಮೆಲ್ಲಮೆಲ್ಲನೆ ಹಾಳಾಗುತ್ತವೆ. ಜನ ಬಿಟ್ಟುಹೋಗುವಾಗ ಬೆಲೆಬಾಳುವುದನ್ನು ಕೊಂಡೊಯ್ಯುತ್ತಾರೆ. ಉಳಿದುದನ್ನು ಕಾಲ ಕರಗಿಸುತ್ತದೆ. ಪೋರ್ಟ್ ರಾಯಲ್ ಹಾಗಲ್ಲ. ಬದುಕು ನಡೆಯುತ್ತಿದ್ದ ಒಂದು ಗಳಿಗೆಯೇ ಅಲ್ಲಿ ನೀರಿನಡಿಯಲ್ಲಿ ಉಳಿದುಬಿಟ್ಟಿತು. 1959ರಲ್ಲಿ ಎಡ್ವಿನ್ ಲಿಂಕ್ ಎಂಬ ಅಮೆರಿಕನ್ನನ ನೇತೃತ್ವದಲ್ಲಿ ನಡೆದ ಶೋಧನೆಯಲ್ಲಿ ಒಂದು ಜೇಬುಗಡಿಯಾರ ದೊರೆಯಿತು. ಅದರ ಮುಳ್ಳುಗಳು ಸವೆದುಹೋಗಿದ್ದರೂ ಅವುಗಳ ಗುರುತು ಎಕ್ಸ್‌ರೇ ಚಿತ್ರದಲ್ಲಿ ಮೂಡಿತು. ಅದು ತೋರಿಸಿದ ಕಾಲ 11 ಗಂಟೆ 43 ನಿಮಿಷ. ಅಡಿಗೆಯ ಒಲೆ, ಮಾಂಸ ಬೇಯುತ್ತಿದ್ದ ಪಾತ್ರೆ, ತವರದ ತಟ್ಟೆಗಳು, ತಂಬಾಕು ಸೇದುವ ಜೇಡಿಮಣ್ಣಿನ ಚಿಲುಮೆಗಳು, ಗಾಜಿನ ಸೀಸೆಗಳು ಕೆಸರಿನಿಂದ ಹೊರಬಂದವು. 1981ರಿಂದ 1990ರವರೆಗೆ ಟೆಕ್ಸಾಸ್‌ನ ವಿಶ್ವವಿದ್ಯಾನಿಲಯವೊಂದರ ತಜ್ಞರು ಅಲ್ಲಿ ಮನೆಮನೆಯಾಗಿ, ಕೋಣೆಕೋಣೆಯಾಗಿ ಉತ್ಖನನ ನಡೆಸಿದರು. ಯಾವ ಕೋಣೆಯಲ್ಲಿ ಏನು ಸಿಕ್ಕಿತೆಂಬುದನ್ನು ಬರೆದಿಟ್ಟದ್ದರಿಂದಲೇ ಚಿಲುಮೆ ಮಾರುವ ಅಂಗಡಿ ಯಾವುದು, ಮದ್ಯದ ಅಂಗಡಿ ಯಾವುದು, ಚಮ್ಮಾರನ ಕೆಲಸದ ಜಾಗ ಯಾವುದು ಎಂಬುದನ್ನು ಗುರುತಿಸುವುದು ಸಾಧ್ಯವಾಯಿತು.

ಇಲ್ಲಿಯೇ ನಾವು ಮನಗಾಣಬೇಕಾದ ಸತ್ಯವಿದೆ. ಹಳೆಯ ವಸ್ತುವಿನ ಬೆಲೆ ಅದರ ಲೋಹದಲ್ಲಿಲ್ಲ. ಅದು ಬಿದ್ದಿರುವ ಜಾಗದಲ್ಲಿದೆ, ಅದರ ನೆರೆಹೊರೆಯಲ್ಲಿದೆ. ಗ್ರಂಥವೊಂದರಿಂದ ಅಕ್ಷರಗಳನ್ನು ಕಿತ್ತು ಚೀಲಕ್ಕೆ ತುಂಬಿಕೊಂಡರೆ ಅಕ್ಷರಗಳು ಉಳಿಯುತ್ತವೆ, ಅರ್ಥ ಉಳಿಯುವುದಿಲ್ಲ. ಹಾಗೆಯೇ ಒಲೆಯ ಪಕ್ಕದಲ್ಲಿದ್ದ ಪಾತ್ರೆಯನ್ನು ಯಾರೋ ಎತ್ತಿಕೊಂಡು ಹೋದರೆ ಒಂದು ಪಾತ್ರೆ ಉಳಿಯುತ್ತದೆ, ಒಂದು ಅಡಿಗೆಮನೆ ಅಳಿಯುತ್ತದೆ.

ಈ ಮಾತಿಗೆ ನಮ್ಮ ನಾಡಿಗೂ ಸಂಬಂಧವುಳ್ಳ ನಿದರ್ಶನವೊಂದಿದೆ. ಮೇಲೆ ಹೇಳಿದ ವಿಲಿಯಂ ಕಿಡ್ ಮೊದಲಿಗೆ ಕಡಲ್ಗಳ್ಳರನ್ನು ಹಿಡಿಯಲು ಅಪ್ಪಣೆ ಪಡೆದು ಹೊರಟವನು. ಬರಬರುತ್ತಾ ತಾನೇ ಅವರಲ್ಲೊಬ್ಬನಾದನು. 1697ರ ಸೆಪ್ಟೆಂಬರಿನಲ್ಲಿ ಅವನ ಹಡಗು ನೀರು ಸೌದೆಗಳಿಗಾಗಿ ನಮ್ಮ ಕಾರವಾರದಲ್ಲಿ ತಂಗಿತ್ತು. 1698ರ ಜನವರಿಯಲ್ಲಿ ಅವನು ಮಲಬಾರ್ ತೀರದಾಚೆ ‘ಕ್ವೆಡಾ ಮರ್ಚೆಂಟ್’ ಎಂಬ ಹಡಗನ್ನು ಹಿಡಿದನು. ಅದು ಬಂಗಾಳದಿಂದ ಸೂರತ್ತಿಗೆ ಸರಕು ಸಾಗಿಸುತ್ತಿದ್ದ, ಭಾರತದಲ್ಲಿಯೇ ಕಟ್ಟಿದ ಹಡಗು. ಕಿಡ್ ಅದನ್ನು ಕೆರಿಬಿಯನ್ ಸಮುದ್ರದವರೆಗೆ ನಡೆಸಿಕೊಂಡು ಹೋಗಿ, 1699ರಲ್ಲಿ ಹಿಸ್ಪಾನಿಯೋಲ ದ್ವೀಪದ ಬಳಿ ಬಿಟ್ಟುಹೋದನು. 1701ರಲ್ಲಿ ಲಂಡನ್ನಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಹಡಗು ಸುಟ್ಟು ಮುಳುಗಿತ್ತು.

2007ರಲ್ಲಿ ಡೊಮಿನಿಕನ್ ಗಣರಾಜ್ಯದ ಕ್ಯಾಟಲಿನಾ ದ್ವೀಪದ ಬಳಿ, ಸುಮಾರು 3 ಮೀಟರ್ ಆಳದ ತಿಳಿನೀರಿನಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದ ತಜ್ಞರು ಈ ಹಡಗಿನ ಅವಶೇಷಗಳನ್ನು ಗುರುತಿಸಿದರು. ಗುರುತು ಹೇಗೆ ಸಿಕ್ಕಿತು? 20ಕ್ಕೂ ಹೆಚ್ಚು ಫಿರಂಗಿಗಳು ಅಲ್ಲಿ ಒತ್ತಾಗಿ ಒಟ್ಟಿದಂತೆ ಬಿದ್ದಿದ್ದವು. ಹಲವು ಫಿರಂಗಿಗಳನ್ನು ಹಡಗಿನ ತಳದ ಸರಕುಕೋಣೆಯಲ್ಲಿ ಇಳಿಸಿಟ್ಟಿದ್ದೆನೆಂದು ಕಿಡ್ ತಾನೇ ಹೇಳಿದ್ದ ಮಾತಿಗೂ ಇದಕ್ಕೂ ಹೊಂದಿಕೆಯಾಯಿತು. ಉಳಿದಿದ್ದ ಮರ ತೇಗವೆಂದು ಪರೀಕ್ಷೆಯಿಂದ ತಿಳಿಯಿತು. ಹಲಗೆಗಳನ್ನು ಒಂದಕ್ಕೊಂದು ಕೂಡಿಸಿದ ಬಗೆ ಪಶ್ಚಿಮ ಭಾರತದ ಹಡಗು ಕಟ್ಟುವವರ ಕುಶಲತೆಯನ್ನು ತೋರಿತು. ಯಾರಾದರೂ ನಾಲ್ಕು ಫಿರಂಗಿಗಳನ್ನು ಅಲಂಕಾರಕ್ಕೆಂದು ಎಳೆದೊಯ್ದು, ಅಡಿಯಲ್ಲಿದ್ದ ಮರವನ್ನು ಚೆದುರಿಸಿದ್ದರೆ ಈ ಸಾಕ್ಷ್ಯವೆಲ್ಲ ಮಣ್ಣುಪಾಲಾಗುತ್ತಿತ್ತು. ಹೆಸರರಿಯದ ಭಾರತೀಯ ಬಡಗಿಗಳ ಕೈಗೆಲಸ ಸಾವಿರಾರು ಮೈಲಿಯಾಚೆ ಮುನ್ನೂರು ವರ್ಷಗಳ ತರುವಾಯ ಮಾತನಾಡಿದ್ದು ಅದು ಇದ್ದಲ್ಲಿಯೇ ಇದ್ದುದರಿಂದ. 2011ರಲ್ಲಿ ಆ ತಾಣವನ್ನು ಸಮುದ್ರದೊಳಗಿನ ವಸ್ತುಸಂಗ್ರಹಾಲಯವಾಗಿ ರಕ್ಷಿಸಲಾಯಿತು. ಆಸಕ್ತರು ಈಜಿಕೊಂಡು ಹೋಗಿ ನೋಡಬಹುದು, ಮುಟ್ಟಿ ತೆಗೆಯುವಂತಿಲ್ಲ.

‘ನೀರಿನಲ್ಲಿ ಕೊಳೆತುಹೋಗುವ ವಸ್ತುವನ್ನು ಕಂಡವನು ಎತ್ತಿಕೊಂಡರೆ ತಪ್ಪೇನು? ಅವನು ಅದನ್ನು ಉಳಿಸಿದಂತೆಯೇ ಅಲ್ಲವೆ?’ ಎಂದು ಕೆಲವರು ವಾದಿಸುತ್ತಾರೆ. ಮೇಲುನೋಟಕ್ಕೆ ಇದು ಸರಿಯೆನಿಸಬಹುದು. ಆದರೆ ಶತಮಾನಗಳ ಕಾಲ ಉಪ್ಪುನೀರಿನಲ್ಲಿದ್ದ ಕಬ್ಬಿಣವನ್ನು ಹಾಗೆಯೇ ಗಾಳಿಗೆ ಒಡ್ಡಿದರೆ ಅದು ಬಿರುಕುಬಿಟ್ಟು ಪದರಪದರವಾಗಿ ಉದುರುತ್ತದೆ. ನೆನೆದ ಮರವನ್ನು ಒಣಗಿಸಿದರೆ ಮುರುಟಿ ಸೀಳುತ್ತದೆ. ಒಂದು ಫಿರಂಗಿಯೊಳಗಿನ ಉಪ್ಪನ್ನು ವಿದ್ಯುತ್ತಿನ ಸಹಾಯದಿಂದ ಹೊರತೆಗೆಯಲು ವರ್ಷಗಳೇ ಬೇಕು. ಉಳಿಸುವ ಶಕ್ತಿಯಿಲ್ಲದವನು ಎತ್ತಿದರೆ ಅದು ರಕ್ಷಣೆಯಲ್ಲ, ವಿನಾಶ. ಅಲೆಗಳಿಂದಲೂ ಬಿರುಗಾಳಿಯಿಂದಲೂ ಅಪಾಯವಿರುವ ಕಡೆ ವಸ್ತುಗಳನ್ನು ಮೇಲೆತ್ತಲೇಬೇಕಾಗುತ್ತದೆ, ನಿಜ. ‘ಕರಿಗಡ್ಡ’ನೆಂದು ಹೆಸರಾದ ಕಡಲ್ಗಳ್ಳನ ಹಡಗು ಕೆರಿಬಿಯನ್ನಿನಿಂದ ಹೊರಟು 1718ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ತೀರದಲ್ಲಿ ನೆಲಕಚ್ಚಿತ್ತು, ಅದು 1996ರಲ್ಲಿ ಪತ್ತೆಯಾಯಿತು. ಆ ತಾಣದ ಮರಳು ನಿಲ್ಲುವಂಥದ್ದಲ್ಲವಾದ್ದರಿಂದ ಅವಶೇಷಗಳನ್ನು ಪ್ರಯೋಗಾಲಯಕ್ಕೆ ತಂದು ಸಂಸ್ಕರಿಸತೊಡಗಿದರು. ಫಿರಂಗಿಯೊಂದರ ಮದ್ದಿನ ಕೋಶದೊಳಗಿದ್ದ ಒದ್ದೆ ಚಿಂದಿಯ ಮುದ್ದೆಯನ್ನು ತಜ್ಞರು ತಾಳ್ಮೆಯಿಂದ ಬಿಡಿಸಿದಾಗ 16 ಕಾಗದದ ಚೂರುಗಳು ದೊರೆತವು. ಅವು 1712ರಲ್ಲಿ ಅಚ್ಚಾದ ಎಡ್ವರ್ಡ್ ಕುಕ್ ಎಂಬಾತನ ಸಮುದ್ರಯಾನದ ಗ್ರಂಥವೊಂದರ ಹಾಳೆಗಳೆಂದು 2018ರಲ್ಲಿ ಪ್ರಕಟವಾಯಿತು. ಕಡಲ್ಗಳ್ಳರ ಹಡಗಿನಲ್ಲಿಯೂ ಪುಸ್ತಕವೊಂದಿತ್ತು! ಚಿನ್ನವನ್ನೇ ಅರಸುವವನು ಆ ಕೊಳಕು ಮುದ್ದೆಯನ್ನು ಕಡಲಿಗೇ ಎಸೆಯುತ್ತಿದ್ದನು.

ಇನ್ನೊಂದು ಮಾತು. ಕಡಲ್ಗಳ್ಳರ ಸಾಹಸಗಳಲ್ಲಿ ಮೈಮರೆತವನಿಗೆ ಅವರ ಕಾಲದ ಕಣ್ಣೀರು ಕಾಣದೆ ಹೋಗುವ ಅಪಾಯವಿದೆ. ಕರಿಗಡ್ಡನ ಹಡಗು ಮೊದಲು ಫ್ರೆಂಚರ ಗುಲಾಮರ ಹಡಗಾಗಿತ್ತು. ಸ್ಯಾಮ್ಯುಯೆಲ್ ಬೆಲ್ಲಮಿ ಎಂಬ ಕಡಲ್ಗಳ್ಳನ ‘ವಿಡಾ’ ಎಂಬ ಹಡಗೂ ಅಂಥದೇ. ಅದರ ಹೆಸರೇ ಪಶ್ಚಿಮ ಆಫ್ರಿಕದ ಗುಲಾಮರ ಬಂದರೊಂದರದು. ಅದು ಸುಮಾರು 300 ಆಫ್ರಿಕನ್ನರನ್ನು ಸಾಗಿಸಿತಂದು ಜಮೈಕದಲ್ಲಿ ಮಾರಿ, ಹಿಂದಿರುಗುವಾಗ ಕಡಲ್ಗಳ್ಳರ ಕೈಸೇರಿತು. 1717ರ ಏಪ್ರಿಲ್ 26ರಂದು ಅಮೆರಿಕದ ಕೇಪ್ ಕಾಡ್ ಬಳಿ ಬಿರುಗಾಳಿಗೆ ಸಿಕ್ಕಿ ಮುಳುಗಿದಾಗ ಅದರಲ್ಲಿದ್ದವರ ಪೈಕಿ ಇಬ್ಬರು ಮಾತ್ರ ಬದುಕಿದರು. 1984ರಲ್ಲಿ ಅದರ ತಾಣ ಪತ್ತೆಯಾಯಿತು; ಮರುವರ್ಷ ಅದರ ಹೆಸರನ್ನು ಹೊತ್ತ ಗಂಟೆಯೇ ದೊರೆಯಿತು. ಅಲ್ಲಿ ಸಿಕ್ಕ ವಸ್ತುಗಳಲ್ಲಿ ತುಂಡರಿಸಿದ ಆಫ್ರಿಕದ ಚಿನ್ನದ ಒಡವೆಗಳೂ ಇವೆ. ಆ ಒಡವೆಯ ಹೊಳಪನ್ನಷ್ಟೇ ನೋಡಿದವನು ಅರ್ಧ ಚರಿತ್ರೆಯನ್ನು ಕಂಡಂತೆ. ಅದು ಯಾರ ನಾಡಿನಿಂದ, ಯಾವ ವ್ಯಾಪಾರದ ದಾರಿಯಲ್ಲಿ ಬಂತೆಂದು ಕೇಳಿದವನು ಪೂರ್ಣ ಚರಿತ್ರೆಯತ್ತ ಹೆಜ್ಜೆಯಿಟ್ಟಂತೆ.

ಹಾಗಾದರೆ ಪಂಡಿತರಲ್ಲದ ಆಸಕ್ತರು ಈ ತಾಣಗಳಿಂದ ದೂರವಿರಬೇಕೆ? ಖಂಡಿತ ಇಲ್ಲ. ಪೋರ್ಟ್ ರಾಯಲ್ಲಿನ ಗಡಿಯಾರವನ್ನು ಬೆಳಕಿಗೆ ತಂದ ಎಡ್ವಿನ್ ಲಿಂಕ್ ವೃತ್ತಿಯಿಂದ ಪುರಾತತ್ತ್ವಜ್ಞನಲ್ಲ. ವಿಮಾನ ನಡೆಸುವುದನ್ನು ನೆಲದ ಮೇಲೆಯೇ ಕಲಿಸುವ ಯಂತ್ರವನ್ನು ನಿರ್ಮಿಸಿದವನು. ಅವನೂ ಅವನ ಪತ್ನಿಯೂ ತಜ್ಞರ ಜೊತೆಗೂಡಿ ಮುಳುಗಿದ ಊರಿನ ನಕ್ಷೆಯನ್ನು ಸಿದ್ಧಪಡಿಸಿದರು. ಕರಿಗಡ್ಡನ ಹಡಗನ್ನೂ ‘ವಿಡಾ’ವನ್ನೂ ಮೊದಲು ಪತ್ತೆಹಚ್ಚಿದವರು ಖಾಸಗಿ ಶೋಧಕರೇ. ಉತ್ಸಾಹಿಯ ಕಣ್ಣಿಲ್ಲದಿದ್ದರೆ ಪಂಡಿತನ ಕೈಗೆ ಕೆಲಸವೇ ಸಿಗದಿರಬಹುದು. ಆದರೆ ಕಣ್ಣಿಗೆ ಬಿದ್ದುದೆಲ್ಲ ಕೈಗೆ ಸಲ್ಲಬೇಕೆಂಬ ನಿಯಮವಿಲ್ಲ. ಕಂಡ ಜಾಗವನ್ನು ಗುರುತಿಸಿಕೊಳ್ಳುವುದು, ಚಿತ್ರ ತೆಗೆದುಕೊಳ್ಳುವುದು, ಸಂಬಂಧಪಟ್ಟವರಿಗೆ ತಿಳಿಸುವುದು, ಅಪ್ಪಣೆಯಿಲ್ಲದೆ ಮುಟ್ಟದಿರುವುದು - ಇವಿಷ್ಟೇ ಉತ್ಸಾಹಿಯ ಧರ್ಮ.

ಲೋಕವೂ ಈ ವಿವೇಕದತ್ತ ಸಾಗುತ್ತಿದೆ. ಯುನೆಸ್ಕೋ ಸಂಸ್ಥೆ 2001ರಲ್ಲಿ ಅಂಗೀಕರಿಸಿದ ಒಪ್ಪಂದವು 100 ವರ್ಷಕ್ಕಿಂತ ಹೆಚ್ಚು ಕಾಲ ನೀರಿನಡಿಯಲ್ಲಿರುವ ಅವಶೇಷಗಳನ್ನು ಮಾನವಕುಲದ ಪರಂಪರೆಯೆಂದು ಸಾರಿತು. ಇದ್ದಲ್ಲಿಯೇ ಉಳಿಸುವುದನ್ನು ಮೊದಲು ಆಲೋಚಿಸಬೇಕು, ಲಾಭಕ್ಕಾಗಿ ಮಾರಕೂಡದು ಎಂಬುದು ಅದರ ತಿರುಳು. 2025ರಲ್ಲಿ ಪೋರ್ಟ್ ರಾಯಲ್ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಒಂದು ಕಾಲಕ್ಕೆ ಲೂಟಿಗೆ ಹೆಸರಾಗಿದ್ದ ಊರು ಇಂದು ರಕ್ಷಣೆಗೆ ಹೆಸರಾಗಬೇಕಾಗಿದೆ.

ಕಡಲ್ಗಳ್ಳನೆಂದರೆ ಯಾರು? ತನ್ನದಲ್ಲದ್ದನ್ನು ತನ್ನದೆಂದು ಕೊಂಡೊಯ್ಯುವವನು. ಹಳೆಯ ಬಂದರಿಗೆ ಹೋದ ಉತ್ಸಾಹಿ ನೆನಪಿಗೆಂದು ಒಂದು ಚಿಲುಮೆಯ ತುಂಡನ್ನು ಜೇಬಿಗೆ ಇಳಿಸಿದರೂ ಅಂಥವನ ಸಾಲಿಗೇ ಸೇರುತ್ತಾನೆ. ಅವನಿಗೆ ಅದು ಒಂದೇ ತುಂಡು. ಆದರೆ ಹೋಗುವವರೆಲ್ಲರೂ ಒಂದೊಂದನ್ನು ಒಯ್ದರೆ ಮುಂದಿನವರು ಓದುವುದಕ್ಕೆ ಏನೂ ಉಳಿಯುವುದಿಲ್ಲ. ನೋಡಿ, ಅರಿತು, ಇದ್ದುದನ್ನು ಇದ್ದಂತೆಯೇ ಬಿಟ್ಟು ಬರುವವನು ತಾನು ಹುಟ್ಟುವ ಮೊದಲಿನವರಿಗೂ ತನ್ನ ನಂತರದವರಿಗೂ ಸಲ್ಲಬೇಕಾದ ಋಣವನ್ನು ಸಲ್ಲಿಸುತ್ತಾನೆ.