ಯಕೃತ್ತಿನ ರೋಗಿಗೆ ಮದ್ಯದ ಕಳಂಕವೇಕೆ?

ಯಕೃತ್ತಿನ ವ್ಯಾಧಿಯೆಲ್ಲವೂ ಮದ್ಯಪಾನದ ಫಲವೆಂದೂ, ಆದುದರಿಂದ ಅದಕ್ಕಾಗಿ ಸಾರ್ವಜನಿಕ ಧನವನ್ನು ವ್ಯಯಮಾಡುವುದು ಅನುಚಿತವೆಂದೂ ಪ್ರಕಟವಾದ ಅಭಿಪ್ರಾಯವನ್ನು ನಾನು ಸರ್ವಥಾ ಒಪ್ಪಲಾರೆನು. ನಮ್ಮ ವಿಮಾನಪುರದಲ್ಲಿ, ತೊಟ್ಟು ಮದ್ಯವನ್ನೂ ಮುಟ್ಟದ, ಆದರೆ ಸಕ್ಕರೆ ಕಾಯಿಲೆಯೂ ಹೊಟ್ಟೆಯ ಬೊಜ್ಜೂ ಉಳ್ಳ ಗೃಹಿಣಿಯ ಯಕೃತ್ತಿನಲ್ಲಿಯೂ ಕೊಬ್ಬು ಸಂಚಯಗೊಂಡು, ಕಾಲಕ್ರಮದಲ್ಲಿ ಅದು ನಾರುಗಟ್ಟಿ ಸಿರೋಸಿಸ್ ಆಗಬಹುದೆಂಬುದನ್ನು ಲೇಖಕರು ಮರೆತರೇಕೆ? ಭಾರತ ಸರ್ಕಾರವೇ 2021ರಲ್ಲಿ ಮದ್ಯವಿಲ್ಲದೆ ಬರುವ ಈ ಕೊಬ್ಬಿನ ಯಕೃತ್ತಿನ ವ್ಯಾಧಿಯನ್ನು ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಕ್ಕೆ ಸೇರಿಸಿತು. ಪ್ರಸವಕಾಲದಲ್ಲಿ ತಾಯಿಯಿಂದ ಹೆಪಟೈಟಿಸ್ ಬಿ ತಗಲಿದ ಶಿಶುವಿನ ಅಪರಾಧವಾವುದು? ಹುಟ್ಟಿದ 24 ಗಂಟೆಗಳೊಳಗಿನ ಲಸಿಕೆಯೂ ಸಾರ್ವಜನಿಕ ಧನದ್ದೇ ಅಲ್ಲವೆ? ಕುಡಿತಕ್ಕೆ ಸಿಲುಕಿದವನಾದರೂ ರೋಗಿಯೇ. ಇಂತಹ ನಿಂದೆಗೆ ಅಂಜಿ ಪರೀಕ್ಷೆಗೆ ಬಾರದವನು, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಆಸ್ಪತ್ರೆಗೆ ಬರುವನು. ಆಗ ವೆಚ್ಚವೂ ಅಧಿಕ, ಬದುಕುವ ಆಸೆಯೂ ಕ್ಷೀಣ.