ಉಗುರಿನ ತುದಿಯಲ್ಲಿದ್ದ ವಿದ್ಯೆ

ಪುಸ್ತಕದಲ್ಲೇ ಉಳಿದ ವಿದ್ಯೆಯೂ ಪರರ ಕೈ ಸೇರಿದ ಧನವೂ ಬೇಕಾದ ಹೊತ್ತಿಗೆ ಒದಗಲಾರವೆಂದು ನಮ್ಮ ಪ್ರಾಚೀನರು ಹೇಳುತ್ತಿದ್ದರು. ಬಾಲ್ಯದಲ್ಲಿ ಈ ಮಾತನ್ನು ನಾವು ಕಂಠಪಾಠ ಮಾಡಿದೆವು. ಬಹುಕಾಲ ಉಪಾಧ್ಯಾಯವೃತ್ತಿಯಲ್ಲಿದ್ದು ಹುಡುಗರಿಂದಲೂ ಮಾಡಿಸಿದೆವು. ಆದರೆ ಅದರ ಪೂರ್ಣಾರ್ಥವು ನಮ್ಮ ಮನಸ್ಸಿಗೆ ಹೊಳೆದುದು ಐರ್ಲೆಂಡ್ ದೇಶದ ಒಬ್ಬ ಅಂಧವಾದಕನ ಚರಿತ್ರೆಯನ್ನು ಓದಿದಾಗ. ಆತನ ಹೆಸರು ಡೆನಿಸ್ ಹೆಂಪ್ಸನ್. ಈ ತಿಂಗಳು ಆ ವೃದ್ಧನ ವಿಷಯವನ್ನು ವಾಚಕರ ಮುಂದೆ ಇಡುತ್ತೇವೆ.

ಮೊದಲು ಆತನ ವಾದ್ಯದ ಮಾತು. ಹಾರ್ಪ್ ಎಂಬುದು ನಮ್ಮ ಈಗಿನ ವೀಣೆಯಂತೆ ಮೆಟ್ಟಿಲುಗಳುಳ್ಳ ವಾದ್ಯವಲ್ಲ. ಸಮುದ್ರಗುಪ್ತ ಚಕ್ರವರ್ತಿಯು ವೀಣೆ ನುಡಿಸುತ್ತ ಕುಳಿತಿರುವ ಚಿನ್ನದ ನಾಣ್ಯದ ಚಿತ್ರವನ್ನು ನೋಡಿದವರು, ಆ ಬಿಲ್ಲಿನಾಕಾರದ ವಾದ್ಯದಿಂದ ಹಾರ್ಪಿನ ಜಾತಿಯನ್ನು ಊಹಿಸಿಕೊಳ್ಳಬಹುದು. ಒಂದೊಂದು ಸ್ವರಕ್ಕೆ ಒಂದೊಂದು ತಂತಿ. ಐರ್ಲೆಂಡಿನ ಹಳೆಯ ಹಾರ್ಪಿಗೆ ಸುಮಾರು 30 ತಂತಿಗಳು. ಅವು ಕರುಳಿನವಲ್ಲ, ಹಿತ್ತಾಳೆಯವು. ಹಿತ್ತಾಳೆಯ ತಂತಿಯನ್ನು ಮೀಟಿದರೆ ನಾದವು ಗಂಟೆಯ ದನಿಯಂತೆ ಬಹಳ ಹೊತ್ತು ನಿಲ್ಲುವುದು. ಆ ವಾದ್ಯದ ಸೊಗಸು ಅದೇ, ಕಷ್ಟವೂ ಅದೇ. ಹಿಂದಿನ ಸ್ವರವು ಅಡಗುವ ಮೊದಲೇ ಮುಂದಿನದು ಬಂದರೆ ಎರಡೂ ಕಲಸಿಹೋಗುತ್ತವೆ. ಆದುದರಿಂದ ಮೀಟುವುದು ಅರ್ಧ ವಿದ್ಯೆ. ಮೀಟಿದುದನ್ನು ತಕ್ಕ ಕ್ಷಣದಲ್ಲಿ ಅಡಗಿಸುವುದು ಉಳಿದ ಅರ್ಧ.

ಹೆಂಪ್ಸನ್ನನು ಹುಟ್ಟಿದುದು ಉತ್ತರ ಐರ್ಲೆಂಡಿನ ಗಾರ್ವಾ ಎಂಬ ಊರಿನ ಬಳಿ, 1695ರ ಸುಮಾರಿನಲ್ಲಿ. ಮೂರನೆಯ ವಯಸ್ಸಿನಲ್ಲಿ ಸಿಡುಬು ತಗುಲಿ ಕಣ್ಣುಗಳು ಹೋದುವು. ಹನ್ನೆರಡನೆಯ ವಯಸ್ಸಿನಲ್ಲಿ ಹಾರ್ಪ್ ಕಲಿಯಲಾರಂಭಿಸಿದನು. ಆತನ ಮೊದಲ ಗುರು ಬ್ರಿಜೆಟ್ ಓಕ್ಯಾಹನ್ ಎಂಬ ಸ್ತ್ರೀ. ಆ ಕಾಲದಲ್ಲಿ ಒಳ್ಳೆಯ ಮನೆತನಗಳಲ್ಲಿ ಗಂಡಸರಂತೆ ಹೆಂಗಸರೂ ಈ ವಿದ್ಯೆಯನ್ನು ಕಲಿಯುತ್ತಿದ್ದರೆಂದು ಹೆಂಪ್ಸನ್ನನೇ ಮುಪ್ಪಿನಲ್ಲಿ ಹೇಳಿದ್ದುಂಟು. ಆಮೇಲೆ ಬೇರೆ ಗುರುಗಳಲ್ಲಿಯೂ ಅಭ್ಯಾಸವಾಯಿತು. ಹದಿನೆಂಟು ವರ್ಷವಾದಾಗ ಊರಿನ ಕಡೆಯ ಮೂವರು ಗೃಹಸ್ಥರು ಕೂಡಿ ಆತನಿಗೆ ಒಂದು ಹಾರ್ಪನ್ನು ಕೊಡಿಸಿದರು. ಹುಡುಗನು ಅದನ್ನು ಹೊತ್ತು ಹತ್ತು ವರ್ಷಗಳಷ್ಟು ಕಾಲ ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ದೇಶಗಳನ್ನು ಸುತ್ತಿದನು. 1745ರಲ್ಲಿ ಎರಡನೆಯ ಸಲ ಸ್ಕಾಟ್ಲೆಂಡಿಗೆ ಹೋದಾಗ ಎಡಿನ್‌ಬರೋ ನಗರದಲ್ಲಿ, ಸಿಂಹಾಸನಕ್ಕಾಗಿ ದಂಡೆತ್ತಿ ಬಂದಿದ್ದ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟನ ಮುಂದೆ ನುಡಿಸಿದನು.

ಆತನೊಡನೆ ಕೊನೆಯವರೆಗೆ ಇದ್ದ ಹಾರ್ಪನ್ನು 1702ರಲ್ಲಿ ಕಾರ್ಮಕ್ ಓಕೆಲಿ ಎಂಬ ಕುಶಲಿಯು ನಿರ್ಮಿಸಿದ್ದನು. ವಿಲ್ಲೋ ಮರದ ಒಡಲು. ಬೆನ್ನಿಗೆ ಜೌಗುನೆಲದಿಂದ ಅಗೆದು ತೆಗೆದ ಪುರಾತನ ಫರ್ ಮರದ ಹಲಗೆ. ವಾದಕನು ಅದನ್ನು ಎಡದ ಭುಜಕ್ಕೆ ಒರಗಿಸಿಕೊಂಡು ಎಡಗೈಯಿಂದ ತಾರಸ್ವರಗಳನ್ನೂ ಬಲಗೈಯಿಂದ ಮಂದ್ರಸ್ವರಗಳನ್ನೂ ನುಡಿಸುವುದು ಹಳೆಯ ಸಂಪ್ರದಾಯ.

ಹೀಗಿರಲಾಗಿ ಕಾಲವು ಬದಲಾಯಿತು. ಹಾರ್ಪ್ ವಾದಕರನ್ನು ಸಲಹುತ್ತಿದ್ದ ಮನೆತನಗಳು ಕ್ಷೀಣಿಸಿದುವು. ಹೊಸ ಮನೆಗಳಿಗೆ ಪಿಯಾನೋ ಬಂದಿತು. ಈ ವಿದ್ಯೆಯು ಪೂರ್ಣವಾಗಿ ಅಳಿಯುವ ಮೊದಲು ಉಳಿದವರನ್ನಾದರೂ ಕೂಡಿಸೋಣವೆಂದು ಬೆಲ್‌ಫಾಸ್ಟ್ ನಗರದ ಕೆಲವು ಸಜ್ಜನರು 1792ನೆಯ ಜುಲೈ ತಿಂಗಳಲ್ಲಿ ಒಂದು ಸಭೆಯನ್ನು ನೆರವೇರಿಸಿದರು. ಇಡೀ ದೇಶದಿಂದ ಬಂದ ಐರಿಷ್ ವಾದಕರು ಹತ್ತು ಮಂದಿ. ಅವರಲ್ಲಿ ಆರು ಮಂದಿ ಅಂಧರು, ಒಬ್ಬಳು ಹೆಂಗಸು. ಅವರೆಲ್ಲರಿಗಿಂತ ಹಿರಿಯನು 97 ವರ್ಷದ ಹೆಂಪ್ಸನ್. ಅವರು ನುಡಿಸಿದುದನ್ನು ಒಂದು ಸ್ವರವನ್ನೂ ಹೆಚ್ಚಿಸದೆ ಬರೆದುಕೊಳ್ಳಬೇಕೆಂದು ಎಡ್ವರ್ಡ್ ಬಂಟಿಂಗ್ ಎಂಬ 19 ವರ್ಷದ ಆರ್ಗನ್ ವಾದಕನನ್ನು ನೇಮಿಸಿದ್ದರು.

ಬಂಟಿಂಗನಿಗೆ ಅಲ್ಲಿ ಒಂದು ಆಶ್ಚರ್ಯವು ಕಾದಿತ್ತು. ಉಳಿದವರೆಲ್ಲರೂ ಬೆರಳಿನ ಮಾಂಸಲವಾದ ತುದಿಯಿಂದ ತಂತಿಯನ್ನು ಎಳೆಯುತ್ತಿದ್ದರು. ಹೆಂಪ್ಸನ್ನನೊಬ್ಬನು ಮಾತ್ರ ನೀಳವಾಗಿ ಬಾಗಿ ಬೆಳೆದ ಉಗುರಿಗೂ ಬೆರಳಿನ ಮಾಂಸಕ್ಕೂ ನಡುವೆ ತಂತಿಯನ್ನು ಹಿಡಿದು ಮೀಟುತ್ತಿದ್ದನು. ಹಳೆಯವರ ಕ್ರಮ ಇದೇ. ಅದನ್ನು ಉಳಿಸಿಕೊಂಡಿದ್ದವನು ಇವನೊಬ್ಬನೇ. ಒಂದು ಬೆರಳು ತಂತಿಯನ್ನು ಮೀಟಿದೊಡನೆ ಮತ್ತೊಂದು ಬೆರಳು ಅದರ ಕಂಪನವನ್ನು ತಡೆಯಲು ಸಿದ್ಧವಾಗಿರುತ್ತಿತ್ತಂತೆ. ಹೀಗಾಗಿ ಬಿಡಿಬಿಡಿಯಾದ ಸ್ವರಗಳು ಮುತ್ತುಗಳಂತೆ ಬೇರೆ ಬೇರೆಯಾಗಿ ಕೇಳಿಸುತ್ತಿದ್ದುವು; ಬೇಕಾದಾಗ ಅವೇ ದಾರದಲ್ಲಿ ಕೋದಂತೆ ಕೂಡಿಯೂ ಬರುತ್ತಿದ್ದುವು. 97ರ ಮುಪ್ಪಿನಲ್ಲಿ ಆ ಬೆರಳುಗಳಿಗೆ ಅಷ್ಟು ವೇಗವೂ ಅಷ್ಟು ಸ್ಪಷ್ಟತೆಯೂ ಇದ್ದುವು.

ಇಷ್ಟಿದ್ದರೂ ಪ್ರಥಮ ಬಹುಮಾನವು ಹೆಂಪ್ಸನ್ನನಿಗೆ ಬರಲಿಲ್ಲ. ಪಿಯಾನೋ ನುಡಿಸುವವರಿಗೆ ಪ್ರಿಯವಾಗಿದ್ದ ಒಂದು ರಾಗವನ್ನು ಹೊಸ ಬಗೆಯ ಅಲಂಕಾರಗಳೊಡನೆ ನುಡಿಸಿದ ಚಾರ್ಲ್ಸ್ ಫ್ಯಾನಿಂಗ್ ಎಂಬವನಿಗೆ ಹತ್ತು ಗಿನಿಗಳು ದೊರೆತುವು. ಸಭೆಯ ರುಚಿ ಯಾವಾಗಲೂ ಹೀಗೆಯೇ. ಇದಕ್ಕೆ ನಾವು ಮರುಗುವುದಿಲ್ಲ. ನಮ್ಮನ್ನು ಮರುಗಿಸಿದುದು ಬೇರೊಂದು ಸಂಗತಿ. ಅತ್ಯಂತ ಪ್ರಾಚೀನವಾದ ರಾಗಗಳನ್ನು ನುಡಿಸೆಂದು ಬಂಟಿಂಗನು ಬೇಡಿದಾಗಲೆಲ್ಲ ಮುದುಕನು ಒಲ್ಲೆನೆನ್ನುತ್ತಿದ್ದನು. ಅವುಗಳಿಂದ ಪ್ರಯೋಜನವಿಲ್ಲ, ಕಲಿಯುವುದು ಬಹು ಕಷ್ಟ, ನುಡಿಸಿದರೆ ಹಳೆಯ ನೋವುಗಳು ಎದ್ದುಬರುತ್ತವೆ ಎಂಬುದು ಆತನ ಉತ್ತರ. ಬಹಳ ಒತ್ತಾಯದ ಮೇಲೆ ಸ್ವಲ್ಪ ನುಡಿಸಿದನು. ಕೇಳುವವರೆಲ್ಲ ತೀರಿಹೋದ ಮೇಲೆ ಉಳಿದುಕೊಂಡವನ ಮಾತು ಇದಲ್ಲವೆ?

ಬಂಟಿಂಗನು ಆಮೇಲೂ ಆತನ ಗುಡಿಸಲನ್ನು ಹುಡುಕಿಕೊಂಡು ಹೋಗಿ ಬರೆದುಕೊಂಡನು. 1796ರಲ್ಲಿ 66 ರಾಗಗಳ ಸಂಪುಟವನ್ನು ಅಚ್ಚು ಹಾಕಿಸಿದನು. 1809ರಲ್ಲಿಯೂ 1840ರಲ್ಲಿಯೂ ಇನ್ನೆರಡು ಸಂಪುಟಗಳು ಬಂದುವು. ಆತನ ಶ್ರಮವಿಲ್ಲದಿದ್ದರೆ ಆ ರಾಗಗಳಲ್ಲಿ ಎಷ್ಟೋ ಮಣ್ಣುಪಾಲಾಗುತ್ತಿದ್ದುವು. ಆದರೆ ಕೊಳ್ಳುವವರು ಪಿಯಾನೋದವರಾದ ಕಾರಣ ರಾಗಗಳನ್ನೆಲ್ಲ ಪಿಯಾನೋಗೆ ಹೊಂದಿಸಿಯೇ ಅಚ್ಚು ಹಾಕಿಸಬೇಕಾಯಿತು. ಕಾಗದದ ಮೇಲೆ ರಾಗವು ಬಂದಿತು. ಉಗುರು ಬರಲಿಲ್ಲ, ತಡೆಯುವ ಬೆರಳು ಬರಲಿಲ್ಲ.

ಹೆಂಪ್ಸನ್ನನ ಕೊನೆಯ ಕಾಲವು ಸಮುದ್ರತೀರದ ಮ್ಯಾಗಿಲಿಗನ್ ಎಂಬಲ್ಲಿ ಕಳೆಯಿತು. ಡೆರಿಯ ಬಿಷಪ್ಪನಾಗಿದ್ದ ಬ್ರಿಸ್ಟಲ್ ಪ್ರಭುವು ಮನೆ ಕಟ್ಟಲು ಬಾಡಿಗೆಯಿಲ್ಲದ ನೆಲವನ್ನೂ ಮೂರು ಗಿನಿಗಳನ್ನೂ ಕೊಟ್ಟಿದ್ದನು. ಗೃಹಪ್ರವೇಶದ ದಿನ ಪ್ರಭುವಿನ ಮಕ್ಕಳು ಆತನ ವಾದನಕ್ಕೆ ಹೆಜ್ಜೆ ಹಾಕಿ ಕುಣಿದರಂತೆ. 86ನೆಯ ವಯಸ್ಸಿನಲ್ಲಿ ವಿವಾಹವಾಗಿ ಒಬ್ಬ ಮಗಳನ್ನು ಪಡೆದಿದ್ದನು. ಮುಪ್ಪಿನಲ್ಲಿ ಆಕೆಯೇ ನೋಡಿಕೊಂಡಳು. 1805ರಲ್ಲಿ ಜಾರ್ಜ್ ಸ್ಯಾಂಪ್ಸನ್ ಎಂಬ ಪಾದ್ರಿಯು ಕಾಣಲು ಹೋದಾಗ ಆತನು ಒಲೆಯ ಪಕ್ಕದ ಹಾಸಿಗೆಯಲ್ಲಿ ಮುಸುಕೆಳೆದು ಮಲಗಿದ್ದನು. ಹಾರ್ಪೂ ಅದೇ ಹೊದಿಕೆಯೊಳಗೆ ಆತನ ಮಗ್ಗುಲಲ್ಲಿತ್ತು. 1807ರಲ್ಲಿ, ಮರಣದ ಹಿಂದಿನ ದಿನ, ಮಾನ್ಯರೊಬ್ಬರು ಮನೆಗೆ ಬಂದರೆಂದು ಕೇಳಿ ಎದ್ದು ಕೂರಿಸಿಕೊಂಡು ಹಾರ್ಪನ್ನು ತರಿಸಿ ನಾಲ್ಕಾರು ಸ್ವರಗಳನ್ನು ಮೀಟಿದನು. ಮುಂದೆ ಶಕ್ತಿ ಸಾಲದೆ ಒರಗಿದನು. ಆಗ ವಯಸ್ಸು 112 ಎಂದು ಲೆಕ್ಕ.

ಮರುವರ್ಷ, 1808ರಲ್ಲಿ, ಬೆಲ್‌ಫಾಸ್ಟಿನವರು ಅಂಧ ಬಾಲಕರಿಗೆ ಹಾರ್ಪ್ ಕಲಿಸುವುದಕ್ಕಾಗಿ ಸಂಘವನ್ನು ಕಟ್ಟಿದರು! 1792ರ ಸಭೆಗೂ ಆತನ ಮರಣಕ್ಕೂ ನಡುವೆ ಹದಿನೈದು ವರ್ಷಗಳಿದ್ದುವು. ಆ ಹದಿನೈದು ವರ್ಷಗಳಲ್ಲಿ ರಾಗಗಳನ್ನು ಬರೆದುಕೊಂಡವರುಂಟು. ಕಂಡು ಬಂದು ವೃತ್ತಾಂತ ಬರೆದವರುಂಟು. ಉಗುರು ಬೆಳೆಸಿ ಆ ಮಂಚದ ಬಳಿ ಕುಳಿತು ಕಲಿತು ಆ ಕ್ರಮವನ್ನು ಮುಂದಕ್ಕೆ ಸಾಗಿಸಿದ ಶಿಷ್ಯನಿಲ್ಲ.

ಅಳಿದುದು ಮರಳಿ ಚಿಗುರುವುದೂ ಉಂಟು. 1840ರ ಸಂಪುಟದಲ್ಲಿ ಬಂಟಿಂಗನು ಹಳೆಯ ವಾದಕರ ಪರಿಭಾಷೆಯನ್ನೂ ಬೆರಳುಗಳ ವಿನ್ಯಾಸಗಳನ್ನೂ ಪಟ್ಟಿ ಮಾಡಿದ್ದನು. 1970ರ ದಶಕದಿಂದೀಚೆಗೆ ಅಮೆರಿಕದ ಆನ್ ಹೇಮನ್ ಮೊದಲಾದವರು ಹಿತ್ತಾಳೆಯ ತಂತಿ ಕಟ್ಟಿ, ಉಗುರು ಬೆಳೆಸಿ, ಹಳೆಯ ಕ್ರಮವನ್ನು ಮತ್ತೆ ಸಾಧಿಸತೊಡಗಿದರು. 2019ರಲ್ಲಿ ಯುನೆಸ್ಕೋ ಸಂಸ್ಥೆಯು ಐರ್ಲೆಂಡಿನ ಹಾರ್ಪ್ ವಾದನವನ್ನು ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು. ಹೆಂಪ್ಸನ್ನನ ಹಾರ್ಪು ಡಬ್ಲಿನ್ ನಗರದ ಗಿನ್ನೆಸ್ ಕಂಪನಿಯವರ ಸಂಗ್ರಹದಲ್ಲಿದೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೂ ಒಬ್ಬ ಮುದುಕನು ಅರ್ಧ ಗಂಟೆಯಲ್ಲಿ ಕೈ ಹಿಡಿದು ತೋರಿಸಬಹುದಾಗಿದ್ದುದನ್ನು ಈಗ ಹತ್ತಾರು ವರ್ಷಗಳ ಶೋಧನೆಯಿಂದ ಊಹಿಸಬೇಕಾಗಿದೆ.

ವೇದವು ಅಚ್ಚಾದ ಮೇಲೆಯೂ ಅದರ ಸ್ವರವನ್ನು ಗುರುಮುಖದಿಂದಲೇ ಕಲಿಯಬೇಕೆಂದು ಹಿರಿಯರು ಹಟ ಹಿಡಿದುದು ಸುಮ್ಮನಲ್ಲ. ನಮ್ಮ ಮನೆಗಳಲ್ಲಿಯೂ ಮೂಲೆಯ ಮಂಚದ ಮೇಲೆ ಇಂಥ ವಿದ್ಯೆಗಳು ಮಲಗಿರುವುವು: ಅಜ್ಜಿಯ ಹಸೆಯ ಹಾಡು, ಆಕೆಯ ರಂಗವಲ್ಲಿಯ ಎಳೆ, ಅಜ್ಜನ ಭಾರತವಾಚನದ ಧಾಟಿ. ಕೇಳಿದರೆ ಅವರೂ ಹೆಂಪ್ಸನ್ನನಂತೆ, ಈಗೇಕೆ ಅದೆಲ್ಲ ಎಂದಾರು. ಅಷ್ಟಕ್ಕೇ ಎದ್ದು ಬರಬಾರದು. ಬರೆದುಕೊಳ್ಳುವವರು ಬರೆದುಕೊಳ್ಳಲಿ, ಯಂತ್ರದಲ್ಲಿ ಹಿಡಿದಿಡುವವರು ಹಿಡಿದಿಡಲಿ. ಮನೆಯ ಒಂದು ಮಗುವಾದರೂ ಬಳಿ ಕುಳಿತು, ತಪ್ಪಿ, ತಿದ್ದಿಸಿಕೊಂಡು, ಅದನ್ನು ತನ್ನ ಕೈಗೂ ಕಂಠಕ್ಕೂ ಇಳಿಸಿಕೊಳ್ಳಲಿ. ಆ ಮಂಚವು ಬರಿದಾಗುವುದಕ್ಕೆ ಮೊದಲೇ ಆ ಕೆಲಸವು ಆಗಬೇಕು.