ಹಿಮದ ಹಾದಿಗೆ ತುಪ್ಪಳದ ಜಾಕೆಟ್: ಕೊಳ್ಳಬೇಕೇ?

ಪರ: ಕೊಳ್ಳಿ, ಹೆಗಲು ಹಗುರಾಗಲಿ

ಹಿಮಾಲಯದ ಕೇದಾರಕಂಠದ ತುದಿ ಸುಮಾರು 12,500 ಅಡಿ. ಡಿಸೆಂಬರಿನಲ್ಲಿ ಹೋದವರು ಸೂರ್ಯೋದಯವನ್ನು ಮೇಲೇ ನೋಡಬೇಕೆಂದು ರಾತ್ರಿ ಎರಡು-ಮೂರಕ್ಕೇ ಹತ್ತಲು ಶುರುಮಾಡುತ್ತಾರೆ. ಹತ್ತುವಾಗ ಚಳಿ ಅಷ್ಟಾಗಿ ಕಾಡುವುದಿಲ್ಲ. ತುದಿಯಲ್ಲಿ ಬೆಳಕಿಗೆ ಕಾಯುತ್ತ ನಿಲ್ಲುವ ಅರ್ಧ ಗಂಟೆ ಇದೆಯಲ್ಲ, ಡೌನ್, ಅಂದರೆ ತುಪ್ಪಳ ತುಂಬಿದ ಜಾಕೆಟ್ ಬೇಕಾಗುವುದು ಆಗ.

ಮೊದಲ ಸಲ ನಾನು ಬೆಂಗಳೂರಿನಿಂದ ಹೊತ್ತೊಯ್ದದ್ದು ಅಮ್ಮ ಹೆಣೆದ ಎರಡು ಸ್ವೆಟರ್, ಅಪ್ಪನ ಮದುವೆ ಕಾಲದ ಉಣ್ಣೆ ಕೋಟು. ಅರ್ಧ ಚೀಲ ಅವಕ್ಕೇ ಸರಿಹೋಯಿತು. ಈಗಿನ ಜಾಕೆಟ್ 350 ಗ್ರಾಂ; ಮಡಚಿ ತುರುಕಿದರೆ ಸುಲಿದ ತೆಂಗಿನಕಾಯಿಯಷ್ಟು. ಹೊರತೆಗೆದು ಕೊಡವಿ, ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬುತ್ತದೆ. ಗುಟ್ಟು ಆ ಉಬ್ಬಿನಲ್ಲೇ ಇದೆ. ಬಾತುಕೋಳಿಯ ಎದೆಯ ತುಪ್ಪಳ ಗಾಳಿಯನ್ನು ಅಲುಗಾಡದಂತೆ ಹಿಡಿದಿಡುತ್ತದೆ, ಮೈಯ ಬಿಸಿ ಅದನ್ನು ಸುಲಭಕ್ಕೆ ದಾಟಲಾರದು. ಲೇಬಲ್ಲಿನಲ್ಲಿ 800 ಫಿಲ್ ಪವರ್ ಎಂದಿದ್ದರೆ 28 ಗ್ರಾಂ ತುಪ್ಪಳ 800 ಘನ ಅಂಗುಲ, ಅಂದರೆ ಸುಮಾರು 13 ಲೀಟರ್ ಜಾಗಕ್ಕೆ ಹರಡಿಕೊಳ್ಳುತ್ತದೆ.

1922ರ ಎವರೆಸ್ಟ್ ತಂಡದ ಜಾರ್ಜ್ ಫಿಂಚ್ ಬಲೂನಿನ ಬಟ್ಟೆಯೊಳಗೆ ತುಪ್ಪಳ ತುಂಬಿಸಿ ಹೊಲಿಸಿಕೊಂಡ ಕೋಟು ತೊಟ್ಟಾಗ, ಟ್ವೀಡ್ ತೊಟ್ಟ ಜೊತೆಗಾರರು ನಕ್ಕರಂತೆ. ಆತ ಅದೇ ವರ್ಷ 8,300 ಮೀಟರ್ ದಾಟಿದ.

ವಿರೋಧ: ಬಾಡಿಗೆಗೆ ತಂದರಾಯಿತು

ಫಿಂಚ್ ಸಾಹೇಬರು ಜುಲೈನಲ್ಲಿ ಮುಳ್ಳಯ್ಯನಗಿರಿ ಹತ್ತಿರಲಿಲ್ಲ. ಒದ್ದೆಯಾದ ತುಪ್ಪಳ ನೆನೆದ ಅವಲಕ್ಕಿಯಂತೆ ಮುದ್ದೆಯಾಗಿ ಹೊಲಿಗೆಯ ಮೂಲೆ ಹಿಡಿಯುತ್ತದೆ. ಉಬ್ಬು ಹೋದ ಮೇಲೆ ಉಳಿಯುವುದು ಎರಡು ಪದರ ತಣ್ಣನೆಯ ನೈಲಾನ್. ಮಲೆನಾಡಿನವರು ಮಳೆಗೆ ಕಂಬಳಿ ಕೊಪ್ಪೆ ಹಾಕಿದ್ದು ಸುಮ್ಮನೆ ಅಲ್ಲ, ಉಣ್ಣೆ ನೆಂದರೂ ಒಂದಿಷ್ಟು ಬಿಸಿ ಉಳಿಸಿಕೊಳ್ಳುತ್ತದೆ. ಭಾರ ಮಾತ್ರ ದೇವರೇ ಗತಿ.

ನಮ್ಮವರು ವರ್ಷದಲ್ಲಿ ಹತ್ತುವುದು ಹೆಚ್ಚಾಗಿ ಪಶ್ಚಿಮ ಘಟ್ಟವನ್ನೇ. ಹಿಮಾಲಯವೆಂದರೂ ಹೂಕಣಿವೆಗೆ ಹೋಗುವುದು ಜುಲೈ-ಆಗಸ್ಟ್‌ನಲ್ಲಿ, ಅಲ್ಲಿಯೂ ಮಳೆಯೇ. ಅಂಥ ಕಡೆ ಫ್ಲೀಸು, ಇಲ್ಲವೇ ಪಾಲಿಯೆಸ್ಟರ್ ಎಳೆ ತುಂಬಿದ ಜಾಕೆಟ್ಟೇ ಸರಿ. ಅಮೆರಿಕದ ಸೇನೆ 1980ರ ದಶಕದಲ್ಲಿ ನೀರಿಗೆ ಅಂಜದ ಬದಲಿ ಕೇಳಿದ್ದರಿಂದಲೇ ಇಂಥ ಎಳೆಯಾದ ಪ್ರೈಮಾಲಾಫ್ಟ್ ಹುಟ್ಟಿತು. ಅಷ್ಟೇ ಬಿಸಿಗೆ ಅದು ತುಸು ಹೆಚ್ಚು ತೂಗುತ್ತದೆ, ಪದೇಪದೇ ಮಡಚಿದರೆ ಬೇಗ ಚಪ್ಪಟೆಯಾಗುತ್ತದೆ. ಒಪ್ಪಿದೆ.

ಇನ್ನು ಒಗೆಯುವ ಪಾಡು. ಮಾಮೂಲಿ ಸೋಪಿನ ಪುಡಿ ಸಲ್ಲದು, ಹಿಂಡಬಾರದು, ಬಿಸಿಗಾಳಿಯ ಡ್ರೈಯರಿನಲ್ಲಿ ಟೆನಿಸ್ ಚೆಂಡುಗಳ ಜೊತೆ ಉರುಳಿಸಬೇಕು. ನಮ್ಮನೆಯಲ್ಲಿ ಇರುವುದು ಬಾಲ್ಕನಿ, ಒಂದು ಹಗ್ಗ. ಗೆಳೆಯನೊಬ್ಬನ ಜಾಕೆಟ್ ಆಷಾಢದಲ್ಲಿ ನಾಲ್ಕು ದಿನ ನೇತಾಡಿತು. ಐದನೆಯ ದಿನ ಮೂಗಿಗೆ ಬಡಿದದ್ದು ಒದ್ದೆ ಕೋಳಿಯ ವಾಸನೆ. ಶಿಬಿರದ ಬೆಂಕಿಯ ಒಂದು ಕಿಡಿ ತೋಳಿಗೆ ಬಿದ್ದರಂತೂ ಮನೆ ಸೇರುವ ತನಕ ಬಿಳಿ ಎಳೆ ಹಾರುತ್ತಲೇ ಇರುತ್ತದೆ.

ಗಡಗಡ ಚಳಿಯಲ್ಲಿ ಒಣ ಹಿಮದ ಮೇಲೆ ಕಾಯುತ್ತ ನಿಲ್ಲಲು ಡೌನ್‌ಗೆ ಸಮನಾದದ್ದು ಇನ್ನೊಂದಿಲ್ಲ, ಪರ ಬರೆದವರ ಮಾತು ಅಷ್ಟರಮಟ್ಟಿಗೆ ನಿಜ. ಆದರೆ ಆ ಅರ್ಧ ಗಂಟೆ ನಮ್ಮ ಬಾಳಿನಲ್ಲಿ ಎಷ್ಟು ಸಲ ಬರುತ್ತದೆ? ಅದಕ್ಕೆಂದೇ ಕೇದಾರಕಂಠದ ಬುಡದ ಸಾಂಕ್ರಿಯಲ್ಲಿ ಬಾಡಿಗೆಗೆ ಜಾಕೆಟ್ ಸಿಗುತ್ತವೆ. ನಾನು ಅಲ್ಲೇ ತೆಗೆದುಕೊಂಡು ಅಲ್ಲೇ ಕೊಟ್ಟು ಬರುತ್ತೇನೆ. ಕೊನೆಯ ಸಲ ಒಗೆದದ್ದು ಯಾವಾಗ ಎಂದು ಮಾತ್ರ ಕೇಳಲು ಹೋಗುವುದಿಲ್ಲ.